ಸಾಲಿನಲ್ಲಿ ಖಾಲಿ ಬಿಡಬಾರದು

ಚೆನ್ನೈ ನನ್ನನ್ನು ಹೂವೆರಚಿ ಬರಮಾಡಿಕೊಂಡಿತು. ಸೆಂಟ್ರಲ್ ಸ್ಟೇಷನ್ನಿನಿಂದ ಕೀಲ್ಪಾಕಿಗೆ ಹೊರಟ ಆಟೊ ಒಂದು ತಿರುವಿನಲ್ಲಿ ನಿಂತುಬಿಟ್ಟಿತು. ಮುಂದೆ ತಮಟೆ ಬಡಿಯುತ್ತಿದ್ದರು. ತಮಟೆಯ ಮುಂದೆ ನನ್ನ ವಯಸ್ಸಿನ ಹುಡುಗರು ಅಂಗಿ ಬಿಚ್ಚಿ ತಲೆಗೆ ಸುತ್ತಿಕೊಂಡು, ನಾಲಿಗೆ ಕಚ್ಚಿ ಕುಣಿಯುತ್ತಿದ್ದರು. ಯಾರೋ ಬುಟ್ಟಿಯಿಂದ ಹೂವು ತೆಗೆದು ಮೇಲಕ್ಕೆ ಎರಚಿದರು. ಗುಲಾಬಿ ಎಸಳು, ಚೆಂಡುಹೂವು ಆಟೊದೊಳಗೆ ಬಿದ್ದು ನನ್ನ ಮಡಿಲು ತುಂಬಿತು. ಮದುವೆಯ ಮೆರವಣಿಗೆ ಇರಬೇಕೆಂದು ನಾನು ಒಂದು ಹೂವನ್ನು ಜಡೆಗೆ ಸಿಕ್ಕಿಸಿಕೊಂಡೆ ಕೂಡ. ಆಮೇಲೆ ಗಾಡಿ ಬಂತು. ಅದರ ಮೇಲೆ ಒಬ್ಬ ಹುಡುಗ ಮಲಗಿದ್ದ. ಗದ್ದಕ್ಕೆ ಬಟ್ಟೆ ಕಟ್ಟಿದ್ದರು, ಮೂಗಿನಲ್ಲಿ ಹತ್ತಿ ಇತ್ತು.

ಆಟೊದವನು ಕನ್ನಡಿಯಲ್ಲಿ ನನ್ನ ಮುಖ ನೋಡಿ, "ವೆಟ್ಟು ಕೇಸ್ ಮಾ," ಎಂದ. ಕೈಯನ್ನು ಕತ್ತಿಯಂತೆ ಮಾಡಿ ತನ್ನ ಕುತ್ತಿಗೆಯ ಮೇಲೆ ಇಟ್ಟು ತೋರಿಸಿದ. ವೆಟ್ಟು ಎಂದರೆ ಕಡಿಯುವುದು. ಬೇರೆಯವರು ಈ ಊರಿಗೆ ಬಂದು ಮೊದಲು ಕಲಿಯುವ ತಮಿಳು ಮಾತು ನೀರಿನದೋ ಊಟದ್ದೋ ಆಗಿರುತ್ತದೆ. ನಾನು ಕಲಿತದ್ದು ಇದು.

ದೊಡ್ಡವ್ವನ ಮನೆಯ ಬಾಗಿಲಿಗೆ ಬಂದಾಗ ಆಕೆ ನನ್ನ ಜಡೆ ನೋಡಿ ಹೌಹಾರಿದಳು.

"ಅಯ್ಯ ಶಿವನ! ಅದ ಸಾವಿನ ಹೂವು, ತಗದ ಒಗಿ ಮೊದಲ. ಹಂಗ ಒಳಗ ಬರಬ್ಯಾಡ, ಅಲ್ಲೇ ನಿಲ್ಲು, ಬಕೆಟ್ ತರ್ತೀನಿ. ಎಂಥಾ ವೇಳ್ಯಾದಾಗ ಬಂದಿ ಮಾ ನೀನು!"

ಮೆಟ್ಟಿಲ ಮೇಲೆಯೇ ನನ್ನ ತಲೆಗೆ ನೀರು ಸುರಿದಳು. ಬಟ್ಟೆ ಸಮೇತ ತೊಯ್ದು, ಚೀಲ ಹಿಡಿದುಕೊಂಡು ನಿಂತೆ. ಅಣ್ಣನನ್ನು ಮಣ್ಣು ಮಾಡಿ ತಿಂಗಳು ತುಂಬಿರಲಿಲ್ಲ. ಸಾವು ನನ್ನ ಮೈಯಲ್ಲೇ ಬಂದಿತ್ತು, ಹೂವಿನ ಮಾತೇನು ಎಂದು ಹೇಳಬೇಕೆನಿಸಿತು. ಆದರೆ ಇರಲು ಬಂದವಳು ಮೊದಲ ದಿನವೇ ಬಾಯಿ ಮಾಡಬಾರದು.

ನನ್ನ ಹೆಸರು ನೀಲವ್ವ. ಹುಬ್ಬಳ್ಳಿಯವಳು. ಇಲ್ಲಿ ನೀಲಾ ಆಗಿದ್ದೇನೆ. ಬಿ.ಕಾಂ ಎರಡನೇ ವರ್ಷಕ್ಕೆ ನಿಂತಿತು. ಅವ್ವ ಹಾಸ್ಟೆಲ್ಲಿನಲ್ಲಿ ಅಡುಗೆ ಮಾಡುತ್ತಾಳೆ, ಅಪ್ಪ ನನಗೆ ನೆನಪಿಲ್ಲ. ಇದ್ದದ್ದು ಅಣ್ಣ ಈರಣ್ಣ ಒಬ್ಬನೇ. ಅವನು ಒಳ್ಳೆಯವನಾಗಿದ್ದ ಎಂದು ನಿಮ್ಮನ್ನು ನಂಬಿಸಲು ನಾನು ಬರೆಯುತ್ತಿಲ್ಲ. ಜಾಗದ ಜಗಳಗಳಲ್ಲಿ ಹೋಗಿ ನಿಲ್ಲುವುದು, ಹೆದರಿಸುವುದು, ಬೇಕಾದರೆ ಹೊಡೆಯುವುದು ಅವನ ಕೆಲಸ. ಅವನು ಹೊಡೆದ ಒಬ್ಬ ಮನುಷ್ಯ ಇಂದಿಗೂ ಕೋಲು ಹಿಡಿದು ನಡೆಯುತ್ತಾನೆ. ಆದರೆ ಅವನೇ ನನಗೆ ಜಡೆ ಹಾಕಲು ಕಲಿಸಿದವನು, ಅವ್ವ ಬೆಳಗಿನ ಪಾಳಿಗೆ ಹೋಗುತ್ತಿದ್ದಳಲ್ಲ.

ಅವನನ್ನು ಕಡಿದದ್ದು ಹಾಡಹಗಲು. ನನ್ನ ಕುಪ್ಪಸ ತರಲು ಟೇಲರ್ ಅಂಗಡಿಗೆ ಇಬ್ಬರೂ ಬೈಕಿನಲ್ಲಿ ಹೋಗಿದ್ದೆವು. ದಾರಿಯಲ್ಲಿ ಅವನ ಜೀವದ ಗೆಳೆಯ ಬಸ್ಯಾನ ಫೋನು ಬಂತು. "ಎಲ್ಲಿದ್ದೀಲೇ?" ಎಂದು ಅವನು ಕೇಳಿದ್ದು ನನಗೂ ಕೇಳಿಸಿತು. "ತಂಗಿ ಜೋಡಿ ಟೇಲರ್ ಅಂಗಡಿಗೆ ಹೊಂಟೀನಿ," ಎಂದ ಅಣ್ಣ. ನಾನು ಕುಪ್ಪಸದ ಚೀಲ ಹಿಡಿದು ಹೊರಗೆ ಬರುವಷ್ಟರಲ್ಲಿ ಮೂವರು ಅವನ ಸುತ್ತ ಇದ್ದರು. ಎದುರಿನ ಕಬ್ಬಿನ ಹಾಲಿನ ಗಾಡಿಯ ಹತ್ತಿರ ಪರಶ್ಯಾ ನಿಂತಿದ್ದ. ನಮ್ಮ ಓಣಿಗೆಲ್ಲ ಗೊತ್ತಿದ್ದ ಪರಶ್ಯಾ, ಅಣ್ಣನ ಎದುರು ಗುಂಪಿನ ಮುಖಂಡ. ಅವನು ಕೈ ಎತ್ತಲಿಲ್ಲ. ಕಬ್ಬಿನ ಹಾಲು ಕುಡಿದು ಮುಗಿಸಿದ, ಗ್ಲಾಸನ್ನು ಗಾಡಿಯ ಮೇಲೆ ಮೆಲ್ಲಗೆ ಇಟ್ಟ, ಬಾಯಿ ಒರೆಸಿಕೊಂಡ. ಆಮೇಲೆ ನನ್ನನ್ನು ನೋಡಿದ. ನಾನೂ ಅವನನ್ನು ನೋಡಿದೆ.

ಆಸ್ಪತ್ರೆಯಲ್ಲಿ ಪೊಲೀಸರು ಬರುವ ಮೊದಲೇ ಬಸ್ಯಾ ನನ್ನನ್ನು ಕಂಬದ ಮರೆಗೆ ಕರೆದ. ಅತ್ತು ಅತ್ತು ಅವನ ಕಣ್ಣು ಊದಿದ್ದವು.

"ನೀಲವ್ವ, ಪೊಲೀಸರ ಮುಂದ ಪರಶ್ಯಾನ ಹೆಸರು ತಗೀಬ್ಯಾಡ. ಹೆಸರು ಬಂದ್ರ ಅಂವಾ ಒಳಗ ಹೋಗ್ತಾನ. ಒಳಗ ಹೋದ್ರ ನನ್ನ ಕೈಗೆ ಸಿಗೂದಿಲ್ಲ. ಅಂವನ್ನ ಹೊರಗ ಬಿಡು. ನನಗ ಬಿಡು."

ಈರಣ್ಣನ ಕೈಯಿಂದ ಬೆಳ್ಳಿಯ ಕಡಗ ಬಿಚ್ಚಿ ತಾನು ಹಾಕಿಕೊಂಡ. "ಮುಗಿಸಿದ ದಿನ ತಂದು ಅವ್ವನ ಕೈಯಾಗ ಕೊಡ್ತೀನಿ," ಎಂದ. ನಾನು ಪೊಲೀಸರಿಗೆ ಕಣ್ಣು ಮುಚ್ಚಿಕೊಂಡಿದ್ದೆ, ಯಾರನ್ನೂ ನೋಡಲಿಲ್ಲ ಎಂದು ಬರೆಸಿಕೊಟ್ಟೆ. ಆ ಹೊತ್ತಿನಲ್ಲಿ ನನಗೆ ನ್ಯಾಯ ಬೇಕಿರಲಿಲ್ಲ. ಪರಶ್ಯಾನ ಹೆಣ ಬೇಕಿತ್ತು.

ಇನ್ನೊಂದು ಹೇಳಬೇಕು. ನಮ್ಮಲ್ಲಿ ಸತ್ತವರನ್ನು ಕೂರಿಸಿ ಮಣ್ಣು ಮಾಡುತ್ತಾರೆ. ಗೋಡೆಗೆ ಒರಗಿಸಿ, ವಿಭೂತಿ ಹಚ್ಚಿ, ಬದುಕಿದ್ದಾಗ ಕೂತ ಹಾಗೆಯೇ ಕೂರಿಸುತ್ತಾರೆ. ಶವಾಗಾರದಿಂದ ಬಂದ ಈರಣ್ಣ ಮರದ ತುಂಡಿನಂತೆ ಸೆಟೆದಿದ್ದ. ನಾಲ್ಕು ಜನ ಸೇರಿ ಅವನ ಮೊಣಕಾಲು ಬಗ್ಗಿಸಲು ನೋಡಿದರು. ಬಸ್ಯಾ ಹೆಗಲು ಹಿಡಿದು ಒತ್ತಿದ. ಒಳಗಿನಿಂದ ಏನೋ ಸದ್ದು ಬಂತು. ಅವ್ವ ಕಿರುಚಿಕೊಂಡಳು. ಕೊನೆಗೆ ಅಯ್ಯನವರು ಸಾಕು ಎಂದರು, ಮಲಗಿಸಿಯೇ ಮಣ್ಣು ಮಾಡಿದೆವು. ಇವತ್ತಿಗೂ ಅವ್ವ ಅಳುವುದು ಅದಕ್ಕೇ. "ನನ್ನ ಮಗನ್ನ ಮಲಗಿಸಿ ಬಂದ್ವಿ," ಎನ್ನುತ್ತಾಳೆ.

ಆಮೇಲೆ ಅವ್ವನೇ ನನ್ನ ಚೀಲ ಕಟ್ಟಿದಳು. ಹುಬ್ಬಳ್ಳಿಯಲ್ಲಿ ನೀನು ರೌಡಿಯ ತಂಗಿ, ಚೆನ್ನೈನಲ್ಲಿ ಬರೀ ಹುಡುಗಿ ಎಂದಳು. ಬಸ್ಯಾ ರೈಲ್ವೆ ಸ್ಟೇಷನ್ನಿಗೆ ಬಂದು ನೀರಿನ ಬಾಟಲಿ, ಬಿಸ್ಕಿಟ್ಟು ಕೊಡಿಸಿದ. ಸುದ್ದಿ ನಾನೇ ಹೇಳುತ್ತೇನೆ, ಅಲ್ಲಿಯವರೆಗೆ ಈ ಕಡೆ ಬರಬೇಡ ಎಂದ. ಆ ಸುದ್ದಿಗಾಗಿ ನಾನು ಚೆನ್ನೈನಲ್ಲಿ ಕಾದೆ. ಬೇರೆಯವರು ಪರೀಕ್ಷೆಯ ಫಲಿತಾಂಶಕ್ಕೆ ಕಾಯುವ ಹಾಗೆ ಒಬ್ಬ ಮನುಷ್ಯನ ಸಾವಿಗೆ ಕಾದೆ.

ದೊಡ್ಡಪ್ಪ ಬ್ಯಾಡಗಿ ಮೆಣಸಿನಕಾಯಿಯ ವ್ಯಾಪಾರಕ್ಕೆಂದು ಮದರಾಸಿಗೆ ಬಂದು ಇಲ್ಲೇ ಉಳಿದವರು. ಮನೆ ಕೀಲ್ಪಾಕಿನ ದೊಡ್ಡ ಆಸ್ಪತ್ರೆಗೆ ಹತ್ತಿರ. ನನಗೆ ಕೊಟ್ಟದ್ದು ಮೆಣಸಿನಕಾಯಿಯ ಮಾದರಿ ಚೀಲಗಳನ್ನಿಡುವ ಕೋಣೆ. ಮಲಗಿದರೆ ಸೀನು, ಎದ್ದರೆ ಕಣ್ಣೀರು. ನಾನು ಅತ್ತರೂ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಅಷ್ಟರ ಮಟ್ಟಿಗೆ ಅದು ಅನುಕೂಲದ ಕೋಣೆ. ಹುಬ್ಬಳ್ಳಿಯಲ್ಲಿ ಸಂಜೆಯಾದರೆ ಗಾಳಿ ಬರುತ್ತದೆ, ಬಾಗಿಲಲ್ಲಿ ಕೂತರೆ ಓಣಿಯೇ ಬಂದು ಮಾತಾಡಿಸುತ್ತದೆ. ಇಲ್ಲಿ ಸಂಜೆಯಾದರೆ ಬೆವರು ಬರುತ್ತದೆ. ಗೋಡೆಯಾಚೆಯ ಮನೆಯವರ ಹೆಸರು ದೊಡ್ಡವ್ವನಿಗೇ ಗೊತ್ತಿಲ್ಲ.

ದೊಡ್ಡವ್ವ ರೊಟ್ಟಿ ಬಡಿಯುವುದನ್ನು ಬಿಟ್ಟು ಎಷ್ಟೋ ಕಾಲವಾಗಿತ್ತು. ನಾನು ಟಿ. ನಗರದ ಒಂದು ಅಂಗಡಿ ಹುಡುಕಿ ಜೋಳದ ಹಿಟ್ಟು ತಂದು ಬಡಿಯಲು ಕೂತ ದಿನ ಕೆಳಗಿನ ಮನೆಯ ಹೆಂಗಸು ಮೇಲೆ ಬಂದು ಏನು ಒಡೆಯುತ್ತಿದ್ದೀರಿ ಎಂದು ಜಗಳ ತೆಗೆದಳು. ದೊಡ್ಡವ್ವನ ಮಗ ವಿನಯ ಕಾಲೇಜು ಓದುತ್ತಾನೆ. ಕನ್ನಡ ತಿಳಿಯುತ್ತದೆ, ಬಾಯಿಂದ ಬರುವುದು ತಮಿಳು. "ಚೊಲೊ ಐತೇನೋ ರೊಟ್ಟಿ?" ಎಂದು ಕೇಳಿದರೆ, "ಪರವಾಯಿಲ್ಲೆ ಅಕ್ಕಾ, ಆನಾ ವಾಯ್ ವಲಿಕ್ಕುದು," ಎಂದ. ಅಡ್ಡಿಯಿಲ್ಲ, ಆದರೆ ಬಾಯಿ ನೋಯುತ್ತದೆ ಎಂದು. ಅವನನ್ನು ನಾನು ಇಷ್ಟಪಡಲು ಶುರುಮಾಡಿದ್ದು ಆವತ್ತು. ಆ ಮನೆಯಲ್ಲಿ ಸುಳ್ಳು ಹೇಳದವನು ಅವನೊಬ್ಬನೇ ಎಂದು ತಿಳಿಯಲು ಇನ್ನೂ ಸಮಯವಿತ್ತು.

ಕೆಲಸ ಕೊಡಿಸಿದ್ದು ದೊಡ್ಡಪ್ಪ. ಮನೆಯಿಂದ ನಡೆದು ಹೋಗುವಷ್ಟು ದೂರದಲ್ಲಿ, ಓಣಿಯೊಳಗೆ, ಕುಮಾರ್ ಅಣ್ಣನ ಫ್ಲೆಕ್ಸ್ ಅಂಗಡಿ. ಬ್ಯಾನರು, ಪೋಸ್ಟರು, ಹುಟ್ಟುಹಬ್ಬ, ಮದುವೆ, ಸಾವು. ಬೀದಿಯಲ್ಲಿ ಬ್ಯಾನರ್ ಕಟ್ಟಬಾರದೆಂಬ ಕಾನೂನು ಇಲ್ಲೂ ಇದೆ, ಕಟ್ಟುವವರು ಇಲ್ಲೂ ಕಟ್ಟುತ್ತಾರೆ. ಆದರೆ ಅಂಗಡಿ ನಡೆಯುವುದು ಸಾವಿನಿಂದ. ಇಲ್ಲಿ ಯಾರಾದರೂ ಸತ್ತರೆ ಮೊದಲು ಫೋಟೊ ಫ್ಲೆಕ್ಸ್ ಅಂಗಡಿಗೆ ಬರುತ್ತದೆ, ಆಮೇಲೆ ಹೆಣ ಮನೆಗೆ ಬರುತ್ತದೆ. ಕಣ್ಣೀರ್ ಅಂಜಲಿ ಎಂದು ಮೇಲೆ ಬರೆದು, ನಡುವೆ ಸತ್ತವರ ದೊಡ್ಡ ಮುಖ, ಕೆಳಗೆ ದುಃಖಿಸುವವರ ಸಣ್ಣ ಮುಖಗಳ ಸಾಲು. ಅದನ್ನು ಬೀದಿಯ ಗೋಡೆಗಳಿಗೆ ಅಂಟಿಸುತ್ತಾರೆ. ನಮ್ಮಲ್ಲಿ ಓಣಿಯಲ್ಲಿ ಒಬ್ಬರು ಕೂಗಿ ಹೇಳಿದರೆ ಮುಗಿಯಿತು. ಇಲ್ಲಿ ಸತ್ತವನು ಮಳೆ ಬರುವವರೆಗೆ ಗೋಡೆಯ ಮೇಲೆ ನಗುತ್ತಿರುತ್ತಾನೆ.

ನನಗೆ ಕೆಲಸ ಕಲಿಸಿದವಳು ಜೆನಿ. ನನಗಿಂತ ಒಂದು ವರ್ಷ ದೊಡ್ಡವಳು, ಬಾಯಿ ನನಗಿಂತ ಹತ್ತು ವರ್ಷ ದೊಡ್ಡದು. ಅವಳು ತಮಿಳಿನಲ್ಲಿ ಹೇಳಿದ್ದನ್ನು ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ, ಬೈಗುಳ ಬಿಟ್ಟು. ಮೊದಲ ವಾರವೇ ಗಣಕದಲ್ಲಿ ಒಂದು ಕಡತ ತೆರೆದು ತೋರಿಸಿದಳು. ಕೇಸರಿ ಹಳದಿ ಬೆಳಕು, ಹಿಂದೆ ಸಿಂಹ, ಮುಂದೆ ಕಪ್ಪು ಕನ್ನಡಕದ ಹುಡುಗ, ಹುಟ್ಟುಹಬ್ಬದ ಬ್ಯಾನರು. ಎರಡು ಗುಂಡಿ ಒತ್ತಿದಳು, ಬಣ್ಣವೆಲ್ಲ ಹೋಯಿತು. ಸಿಂಹ ತೆಗೆದು ದೀಪ ಇಟ್ಟಳು, ಹಾರ ಹಾಕಿದಳು.

"ನೋಡಿದೆಯಾ? ಅದೇ ಫೋಟೊ. ಇಂಥ ಹುಡುಗರ ಕಡತ ಅಳಿಸಬಾರದು. ಮತ್ತೆ ಬರ್ತಾರೆ."

"ನಿನಗ ಕೆಟ್ಟ ಅನ್ನಿಸೂದಿಲ್ಲೇನು?" ಎಂದು ನನ್ನ ಹರಕು ತಮಿಳಿನಲ್ಲಿ ಕೇಳಿದೆ.

"ನನ್ನ ಚಿತ್ತಪ್ಪನ ಮಗನ ಪೋಸ್ಟರ್ ನಾನೇ ಮಾಡಿದೆ. ಅಳುತ್ತ ಅಳುತ್ತ ಮಾಡಿದೆ. ಹಾರ ಕತ್ತಿನ ಮೇಲೆ ಸರಿಯಾಗಿ ಕೂತಿಲ್ಲ ಅಂತ ನಮ್ಮ ಚಿತ್ತಿ ಬೈದಳು. ಅವತ್ತಿಂದ ಅಳು ಬಿಟ್ಟು ಹಾರ ನೋಡ್ತೀನಿ."

ಚಿತ್ತಪ್ಪ ಎಂದರೆ ಚಿಕ್ಕಪ್ಪ, ಚಿತ್ತಿ ಎಂದರೆ ಚಿಕ್ಕಮ್ಮ. ಅವಳಿಗೆ ನಾನು ಈರಣ್ಣನ ವಿಷಯ ಅವತ್ತೇ ಹೇಳಿದೆ, ಪರಶ್ಯಾನ ಹೆಸರು ಮಾತ್ರ ಬಿಟ್ಟು. ಪಾಪ ಎನ್ನಲಿಲ್ಲ. ಎಷ್ಟು ಏಟು ಎಂದು ಕೇಳಿದಳು. ನಾನು ಹೇಳಿದೆ. ತಲೆಯಾಡಿಸಿ ಟೀ ತರಿಸಿದಳು. ಅಣ್ಣ ಸತ್ತ ಮೇಲೆ ಮೊದಲ ಸಲ ನನಗೆ ಯಾರೊಂದಿಗೋ ಮಾತಾಡಿದಂತಾಯಿತು.

ಸಾಲು ಓದುವುದನ್ನು ಕಲಿಸಿದವಳೂ ಅವಳೇ. ಬ್ಯಾನರಿನಲ್ಲಿ ಜನ ನಡುವಿನ ದೊಡ್ಡ ಮುಖ ನೋಡುತ್ತಾರೆ. ಗೊತ್ತಿದ್ದವರು ಕೆಳಗಿನ ಸಾಲು ನೋಡುತ್ತಾರೆ. ದೊಡ್ಡವನ ಪಕ್ಕದ ಮೊದಲ ಜಾಗ ಯಾರದು, ಹೋದ ಸಲ ಮೊದಲಿದ್ದವನು ಈ ಸಲ ಯಾಕೆ ತುದಿಗೆ ಹೋದ, ಯಾರು ಕಾಣೆಯಾದ, ಕಾಣೆಯಾದವನು ಯಾವ ಬೇರೆ ಬ್ಯಾನರಿನಲ್ಲಿ ಮೂಡಿದ. ಪೊಲೀಸರು ಅದನ್ನೇ ಓದುತ್ತಾರೆ, ಶತ್ರುಗಳೂ ಅದನ್ನೇ ಓದುತ್ತಾರೆ. ಆದ್ದರಿಂದ ಗಿರಾಕಿ ಕೊಟ್ಟ ಕ್ರಮವನ್ನು ನಾವು ಬದಲಿಸುವಂತಿಲ್ಲ. ಕುಮಾರ್ ಅಣ್ಣನ ಇನ್ನೊಂದು ಕಟ್ಟಪ್ಪಣೆ, ಸಾಲಿನಲ್ಲಿ ಖಾಲಿ ಬಿಡಬಾರದು. "ಗ್ಯಾಪ್ ವಿಡಾದ ಮಾ. ಪಲ್ಲು ವಿಳುಂದ ವಾಯ್ ಮಾದಿರಿ ಇರುಕ್ಕುಂ," ಎನ್ನುತ್ತಿದ್ದರು. ಹಲ್ಲು ಬಿದ್ದ ಬಾಯಿಯ ಹಾಗೆ ಕಾಣುತ್ತದಂತೆ. ಒಬ್ಬ ಕಡಿಮೆ ಬಿದ್ದರೆ ಗುಲಾಬಿಯನ್ನೋ ಪಾರಿವಾಳವನ್ನೋ ತುಂಬಿಸುತ್ತಿದ್ದೆವು.

ಹೀಗೆ ವರ್ಷ ಕಳೆಯಿತು. ಆಟೊದವರ ಜೊತೆ ತಮಿಳಿನಲ್ಲಿ ಚೌಕಾಸಿ ಮಾಡಿ ಗೆದ್ದೆ. ಅಣ್ಣಾ ನಗರದ ಅಗಲ ರಸ್ತೆಗಳಲ್ಲಿ ಜೆನಿಯ ಸ್ಕೂಟಿ ಓಡಿಸಲು ಕಲಿತೆ. ಒಂದು ದಿನ ಕನಸಿನಲ್ಲಿ ಈರಣ್ಣ ಬಂದು ತಮಿಳು ಮಾತಾಡಿದ, ಎಚ್ಚರವಾದ ಮೇಲೆ ಅದೊಂದಕ್ಕೆ ಬಹಳ ಅತ್ತೆ. ಕುಮಾರ್ ಅಣ್ಣ ನನ್ನ ಕನ್ನಡ ಅಕ್ಷರದ ಕೆಲಸವನ್ನು ಜಾಲತಾಣದಲ್ಲಿ ಹಾಕಿದ ಮೇಲೆ ಕರ್ನಾಟಕದಿಂದಲೂ ವಿನ್ಯಾಸದ ಕೆಲಸ ಬರತೊಡಗಿತು. ಅಲ್ಲಿನ ಏಜೆಂಟರು ಫೋಟೊ ಕಳಿಸುತ್ತಾರೆ, ನಾವು ಕಡತ ಮಾಡಿ ಕಳಿಸುತ್ತೇವೆ, ಅವರು ಅಲ್ಲೇ ಅಚ್ಚು ಹಾಕಿಸಿ ಕಟ್ಟುತ್ತಾರೆ. ನಮ್ಮ ಮುಖ ಅವರಿಗೆ ಗೊತ್ತಿಲ್ಲ, ಅವರ ಮುಖ ನಮಗೂ ಗೊತ್ತಿಲ್ಲ. ಬಸ್ಯಾ ಹಬ್ಬಕ್ಕೊಮ್ಮೆ ಫೋನ್ ಮಾಡುತ್ತಿದ್ದ. "ಇನ್ನ ಸ್ವಲ್ಪ ತಡಿ ತಂಗಿ, ಅಂವಾ ಒಬ್ಬನ ಸಿಗವಲ್ಲ," ಎನ್ನುತ್ತಿದ್ದ. ನಾನೂ ತಡೆದುಕೊಂಡೆ.

ಒಂದು ಮಧ್ಯಾಹ್ನ, ಊಟ ಮುಗಿಸಿ ಡಬ್ಬಿ ತೊಳೆದು ಬಂದು ಕೂತಿದ್ದೆ. ಹುಬ್ಬಳ್ಳಿಯ ಏಜೆಂಟ್ ಒಬ್ಬ ತುರ್ತು ಕೆಲಸ ಕಳಿಸಿದ್ದ. 'ಪರಶುರಾಮಣ್ಣನವರಿಗೆ ಹುಟ್ಟುಹಬ್ಬದ ಹಾರ್ದಿಕ ಶುಭಾಶಯಗಳು.' ಫೋಟೊ ತೆರೆದುಕೊಂಡಿತು. ಬಿಳಿ ಅಂಗಿ, ಹಣೆಗೆ ಕುಂಕುಮ, ಕೈಯೆತ್ತಿ ಹರಸುವ ಪರಶ್ಯಾ. ಕಬ್ಬಿನ ಹಾಲು ಕುಡಿದ ಬಾಯಿ ಸ್ವಲ್ಪ ತೆರೆದಿತ್ತು. ಹಿಂದೆಯೇ ಸಾಲಿನವರ ಫೋಟೊಗಳು ಒಂದೊಂದಾಗಿ ಬಂದವು. ಎಲ್ಲರೂ ಪೂರ್ತಿ ನಿಂತು ಕೈ ಮುಗಿದವರು. ಮೊದಲನೆಯದರ ಜೊತೆ ಬರಹವಿತ್ತು, 'ಇವರು ಅಣ್ಣನ ಪಕ್ಕದಾಗ ಬರಬೇಕು.'

ಅದು ಬಸ್ಯಾ.

ನಾನು ಫೋಟೊ ದೊಡ್ಡದು ಮಾಡಿದೆ. ಮುಗಿದ ಕೈಯಲ್ಲಿ ಈರಣ್ಣನ ಬೆಳ್ಳಿಯ ಕಡಗ ಇತ್ತು. ಕೆಲಸದ ರೂಢಿ ಎಷ್ಟು ಕೆಟ್ಟದ್ದೆಂದರೆ, ಕೈ ತಾನಾಗಿ ಹೋಗಿ ಕಡಗದ ಮಸುಕನ್ನು ಒರೆಸಿ ಹೊಳಪು ಕೊಟ್ಟಿತು.

ಜೆನಿ ಹಿಂದಿನಿಂದ ಬಗ್ಗಿ ನೋಡಿದಳು. ಯಾರೆಂದು ನಾನು ಹೇಳಲಿಲ್ಲ. "ಇವನು ಅವನ ಗುಂಪಿಗೆ ಹೋದ ವರ್ಷ ಸೇರಿರಬಹುದಾ?" ಎಂದಷ್ಟೇ ಕೇಳಿದೆ.

"ಪೋಡಿ, ಹೋಗೇ!" ಎಂದು ನಕ್ಕಳು. "ಮೊದಲ ಜಾಗ ಒಂದು ವರ್ಷಕ್ಕೆ ಯಾರಿಗೂ ಸಿಗೋದಿಲ್ಲ. ಇವನು ಮೊದಲಿಂದಲೂ ಅವರವನೇ. ಏನೋ ದೊಡ್ಡ ಕೆಲಸ ಮಾಡಿಕೊಟ್ಟಿದ್ದಾನೆ, ಅದಕ್ಕೆ ಮೊದಲ ಜಾಗ."

ಎಲ್ಲಿದ್ದೀಲೇ? ತಂಗಿ ಜೋಡಿ ಟೇಲರ್ ಅಂಗಡಿಗೆ ಹೊಂಟೀನಿ. ಆ ಫೋನು ಕರೆಯನ್ನು ನಾನು ವರ್ಷವಿಡೀ ಗೆಳೆತನ ಎಂದು ನೆನೆದಿದ್ದೆ. ಅಂಗಡಿಯ ಮೇಲಿನ ಬಿಸಿಲುಮಾಳಿಗೆಗೆ ಹೋಗಿ ಅವ್ವನಿಗೆ ಫೋನ್ ಮಾಡಿದೆ.

"ಅವ್ವಾ, ಬಸ್ಯಾ ಪರಶ್ಯಾನ ಜೋಡಿ ಅದಾನ. ಮೊದಲಿಂದನ ಇದ್ದ. ಅಂವಾನ ಈರಣ್ಣನ ತೋರಿಸಿಕೊಟ್ಟಾನ."

ಹಾಸ್ಟೆಲ್ಲಿನ ದೊಡ್ಡ ಕಡಾಯಿಯಲ್ಲಿ ಸವುಟು ತಿರುಗುವ ಸದ್ದು ಕೇಳುತ್ತಿತ್ತು.

"ಗೊತ್ತೈತಿ," ಎಂದಳು ಅವ್ವ.

"ಏನು?"

"ಗೊತ್ತೈತಿ ಅಂದೆ. ಈರಣ್ಣನ ದಿನಕರ್ಮ ಮುಗಿಯೂದರಾಗ ಬಂದಿದ್ರು. ಬಸ್ಯಾ, ಪರಶ್ಯಾನ ಮಂದಿ, ಹಿರ್ಯಾರ ನಾಕು ಮಂದಿ. ನಿನ್ನ ಮಗಳು ಕಣ್ಣಾರೆ ನೋಡ್ಯಾಳ, ಆಕಿ ಊರಾಗ ಇರಬಾರದು, ಆಕಿ ಬಾಯಿ ತಗೀಬಾರದು, ಹಂಗಿದ್ರ ಆಕೀನ ಯಾರೂ ಮುಟ್ಟೂದಿಲ್ಲ ಅಂದ್ರು. ನಾ ಹೂಂ ಅಂದೆ. ನಿನ್ನ ದೊಡ್ಡಪ್ಪಗ ಫೋನ್ ಹಚ್ಚಿಸಿದ್ರು, ಅಂವಾನೂ ಹೂಂ ಅಂದ. ಒಬ್ಬಾವ ಹೋಗಿದ್ದ. ನೀ ಬದುಕಬೇಕಿತ್ತು ನನಗ."

"ನನ್ನ ಕೇಳಲಿಲ್ಲ ನೀನು."

"ಕೇಳಿದ್ರ ನೀ ಒಪ್ಪತಿದ್ದೇನು?"

ಅವ್ವ ಒಲೆ ಆರುತ್ತದೆ ಎಂದು ಫೋನ್ ಇಟ್ಟಳು. ನಾನು ಚೆನ್ನೈಗೆ ಬಂದದ್ದು ಹೊಸ ಬದುಕಿಗೆ ಎಂದುಕೊಂಡಿದ್ದೆ. ಕಲಿತ ತಮಿಳು, ಮೆಣಸಿನಕಾಯಿಯ ಕೋಣೆ, ಸ್ಕೂಟಿ, ಜೆನಿಯ ಟೀ, ಎಲ್ಲವೂ ಪರಶ್ಯಾ ಹಾಕಿದ ಷರತ್ತಿನೊಳಗೇ ನಡೆದಿದ್ದವು. ನಾನು ಇಲ್ಲಿ ಎಷ್ಟು ಚೆನ್ನಾಗಿ ನೆಲೆಯೂರಿದೆನೋ ಅವನು ಅಲ್ಲಿ ಅಷ್ಟು ನೆಮ್ಮದಿಯಾಗಿ ನಿದ್ದೆ ಮಾಡಿದ್ದ.

ಆ ಸಂಜೆ ದೊಡ್ಡಪ್ಪನನ್ನು ಊಟಕ್ಕೆ ಕೂತಲ್ಲೇ ಕೇಳಿದೆ. ಅನ್ನಕ್ಕೆ ಸಾರು ಕಲಸುತ್ತ ಅವರು ತಲೆ ಎತ್ತಲಿಲ್ಲ.

"ಅದೆಲ್ಲ ಈಗ ಎದುಕ್ಕು ಮಾ? ಮುಗದ ವಿಷಯ. ಮನಿ ಐತಿ, ಕೆಲಸ ಐತಿ, ಪಾದುಕಾಪ್ಪಾ ಇದ್ದೀ. ಇನ್ನೇನ್ ಬೇಕು? ಹುಡುಗ ಅಂವಾ ಸರಿ ಇರಲಿಲ್ಲ, ನಾನೇ ಎಷ್ಟ ಸಲ ಹೇಳೀನಿ. ಊಟ ಮಾಡು."

ಪಾದುಕಾಪ್ಪು ಎಂದರೆ ಸುರಕ್ಷೆ. ದೊಡ್ಡವ್ವ ನನ್ನ ತಟ್ಟೆಗೆ ಇನ್ನೊಂದು ಸವುಟು ಅನ್ನ ಬಡಿಸಿದಳು. ಆಕೆಗೂ ಗೊತ್ತಿತ್ತು. ವಿನಯ ಒಬ್ಬೊಬ್ಬರ ಮುಖವನ್ನೂ ನೋಡಿ, "ಎನ್ನ ಪಾ ಇದು? ಎನಕ್ಕೇ ತೆರಿಯಾದು," ಎಂದ. ಏನಪ್ಪಾ ಇದು, ನನಗೇ ಗೊತ್ತಿಲ್ಲ ಎಂದು. ತಟ್ಟೆ ಬಿಟ್ಟು ಎದ್ದುಹೋದವನು ಅವನು. ನಾನು ಕೂತು ಪೂರ್ತಿ ಉಂಡೆ. ಹಸಿವಾಗಿತ್ತು, ಏನು ಮಾಡಲಿ.

ಮಾರನೇ ದಿನ ಅಂಗಡಿಗೆ ಬೇಗ ಹೋಗಿ ಬ್ಯಾನರಿನ ಕೆಲಸಕ್ಕೆ ಕೂತೆ. ಅಷ್ಟು ಚೆನ್ನಾಗಿ ನಾನು ಯಾವ ಕೆಲಸವನ್ನೂ ಮಾಡಿಲ್ಲ. ಪರಶ್ಯಾನ ಕಣ್ಣ ಕೆಳಗಿನ ಕಪ್ಪು ತೆಗೆದೆ, ಗದ್ದ ಗಟ್ಟಿ ಮಾಡಿದೆ, ಹಿಂದೆ ಸೂರ್ಯನನ್ನು ಏಳಿಸಿದೆ. ಸಾಲಿನ ಒಬ್ಬೊಬ್ಬನನ್ನೂ ಫೋಟೊದ ಹಿನ್ನೆಲೆಯಿಂದ ಕೂದಲು ಕೂದಲು ಬಿಡಿಸಿ ನಿಲ್ಲಿಸಿದೆ. ಬಸ್ಯಾನನ್ನು ಹೇಳಿದ ಜಾಗದಲ್ಲೇ ನಿಲ್ಲಿಸಿದೆ. ಎರಡೂ ಕಡೆ ಸಮ ಮಾಡಿ ನೋಡಿದರೆ ಬಸ್ಯಾನ ಆಚೆ ಪಕ್ಕದಲ್ಲಿ ಒಂದು ಜಾಗ ಉಳಿಯಿತು. ಒಬ್ಬ ಕಡಿಮೆ ಬಿದ್ದಿದ್ದ.

ನನ್ನ ಫೋನಿನಲ್ಲಿ ಈರಣ್ಣನ ಒಂದು ಫೋಟೊ ಇದೆ. ಟೇಲರ್ ಅಂಗಡಿಗೆ ಹೊರಡುವ ಮೊದಲು ಮನೆಯ ಮುಂದೆ ನಾನೇ ತೆಗೆದದ್ದು. ನೀಲಿ ಅಂಗಿ, ಎದೆಯ ಮೇಲೆ ಕೈ ಕಟ್ಟಿ ನಿಂತಿದ್ದಾನೆ. ಬೇಗ ತೆಗೀ ಎಂದು ಬೈಯುತ್ತಿದ್ದುದರಿಂದ ಬಾಯಿ ಸೊಟ್ಟಗಿದೆ. ಅದನ್ನು ಬಿಡಿಸಿ ಖಾಲಿ ಜಾಗದಲ್ಲಿ ಇಟ್ಟೆ. ಬಾಯಿಯನ್ನು ತಿದ್ದಲಿಲ್ಲ. ಜೆನಿ ಪಕ್ಕದಲ್ಲಿ ಬಂದು ನಿಂತು ಬಹಳ ಹೊತ್ತು ನೋಡಿದಳು. ನನ್ನ ಫೋನಿನಲ್ಲಿ ಅವಳು ಆ ಫೋಟೊ ನೋಡಿದ್ದಳು. ಅವಳ ನಗು ಹೋಗಿತ್ತು.

"ಇದನ್ನ ಕಳಿಸಿದರೆ ನೀನು ಊರಿಗೆ ಹೋಗೋಕಾಗಲ್ಲ."

"ಈಗೂ ಆಗೂದಿಲ್ಲ," ಎಂದೆ.

ಅವಳು ಮೌಸ್ ನನ್ನ ಕೈಯಿಂದ ತೆಗೆದುಕೊಂಡಳು. ಅಳಿಸುತ್ತಾಳೆ ಎಂದುಕೊಂಡೆ. ಈರಣ್ಣನ ಕಾಲ ಕೆಳಗೆ ನೆರಳು ಹಾಕಿದಳು. "ನೆರಳಿಲ್ಲದಿದ್ದರೆ ತೇಲಿದ ಹಾಗೆ ಕಾಣ್ತಾನೆ," ಎಂದಳು. ಕಳಿಸುವ ಗುಂಡಿ ಒತ್ತಿದವಳು ನಾನು.

ಏಜೆಂಟನಿಂದ ಧ್ವನಿ ಸಂದೇಶ ಬಂತು. "ಮಸ್ತ್ ಆಗೈತ್ರಿ ಮೇಡಂ. ಎಡಕ ಎರಡನೇದಾಂವ ಯಾರ್ರೀ, ಕೈ ಮುಗದಿಲ್ಲ?" ಕೊನೆಗೆ ಬಂದ ಫೋಟೊ ಎಂದು ಬರೆದೆ. "ಇರವಲ್ದ್ಯಾಕ ಬಿಡ್ರಿ, ಟೈಮ್ ಇಲ್ಲ, ನಾಳೆ ಮುಂಜಾನೆ ಕಟ್ಟಬೇಕು," ಎಂದ. ಅವನಿಗೆ ಆಮೇಲೆ ಏಟು ಬಿದ್ದವಂತೆ. ಪಾಪ, ಅವನ ತಪ್ಪೇನೂ ಇರಲಿಲ್ಲ. ಆದರೂ ನನಗೆ ಮರುಕ ಬರಲಿಲ್ಲ, ಇವತ್ತಿಗೂ ಬಂದಿಲ್ಲ. ಮರುಕ ಎಲ್ಲ ಎಲ್ಲಿ ಹೋಯಿತೋ ಗೊತ್ತಿಲ್ಲ.

ಬ್ಯಾನರು ಹುಬ್ಬಳ್ಳಿಯಲ್ಲಿ ನಮ್ಮ ಓಣಿಯ ಮುಂದಿನ ಸರ್ಕಲ್ಲಿನಲ್ಲೇ ಏರಿತು. ಕಟ್ಟಿದ ಕೂಲಿಗಳು ಬೇರೆ ಊರಿನವರು, ಅವರಿಗೆ ಯಾವ ಮುಖವೂ ಗೊತ್ತಿರಲಿಲ್ಲ. ಹೊತ್ತೇರಿದ ಮೇಲೆ ಜನ ನಿಂತು ನೋಡತೊಡಗಿದರಂತೆ. ಮೊದಲು ಯಾರೋ ನಕ್ಕರಂತೆ, ಆಮೇಲೆ ಯಾರೂ ನಗಲಿಲ್ಲವಂತೆ. ಕಡಿಸಿಕೊಂಡವನು ಕಡಿಸಿದವನ ಹುಟ್ಟುಹಬ್ಬಕ್ಕೆ ಬಂದು ಕೈ ಕಟ್ಟಿ ನಿಂತಿದ್ದ. ಮಧ್ಯಾಹ್ನದ ಹೊತ್ತಿಗೆ ಪರಶ್ಯಾನ ಮಂದಿ ಬಂದು ಹರಿದು ಹಾಕಿದರು.

ಸಂಜೆ ಅಂಗಡಿಯ ಫೋನಿಗೆ ಕರೆ ಬಂತು. ಕುಮಾರ್ ಅಣ್ಣ ಎತ್ತಿ, ಭಾಷೆ ತಿಳಿಯದೆ ನನ್ನ ಕೈಗೆ ಕೊಟ್ಟರು. ನನ್ನ ದನಿ ಕೇಳಿದೊಡನೆ ಬಸ್ಯಾ ಉಸಿರು ಬಿಟ್ಟ.

"ನೀನ ಅಂತ ಗೊತ್ತಿತ್ತು. ತಪ್ಪ ಮಾಡಿದಿ ನೀಲವ್ವ. ಬದುಕಿಕೊಂಡಿದ್ದಿ."

"ಕಡಗ ಮಸಕಾಗಿತ್ತು ಬಸಣ್ಣ," ಎಂದೆ. "ನಾನ ಹೊಳಪ ಕೊಟ್ಟೀನಿ. ಎಲ್ಲಾರಿಗೂ ಕಂಡಿರಬೇಕಲ್ಲ?"

ಅವನು ಬೈದ ಬೈಗುಳಗಳನ್ನು ಪೂರ್ತಿ ಕೇಳಿಸಿಕೊಂಡೆ. ವರ್ಷದ ಮೇಲೆ ಹುಬ್ಬಳ್ಳಿಯ ಅಪ್ಪಟ ಬೈಗುಳ ಕಿವಿಗೆ ಬಿದ್ದಿತ್ತು. ಹೇಳಲು ನಾಚಿಕೆ, ಒಂದು ಕ್ಷಣ ಊರಿನ ನೆನಪಾಯಿತು. ಕುಮಾರ್ ಅಣ್ಣನಿಗೆ ಜೆನಿ ಎಲ್ಲ ಹೇಳಿದಳು. ಅವರು ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. "ಇನಿಮೇ ಕನ್ನಡ ವೇಲೈ ವೇಂಡಾಂ ಮಾ," ಎಂದರು, ಇನ್ನು ಮೇಲೆ ಕನ್ನಡದ ಕೆಲಸ ಬೇಡ ಎಂದು. ಅಂದಿನಿಂದ ನಾನು ತಮಿಳು ಸಾವುಗಳನ್ನು ಮಾತ್ರ ಮಾಡುತ್ತೇನೆ.

ಅವ್ವ ಫೋನ್ ಮಾಡಿದ್ದು ಮರುದಿನ. ಬೈಯುತ್ತಾಳೆಂದು ಕಾದೆ.

"ನೋಡಾಕ ಹೋಗಿದ್ದೆ," ಎಂದಳು. "ಕಟ್ಟಿದ ಕೂಡಲೇ ಹೂವಿನ ಶಾಂತವ್ವ ಬಂದು ಹೇಳಿದ್ಲು, ನಿನ್ನ ಮಗ ಸರ್ಕಲ್‌ನ್ಯಾಗ ನಿಂತಾನ ಅಂತ. ಚಪ್ಪಲಿ ಮೆಟ್ಟದ ಓಡಿದೆ. ನಿಂತ ಬಿಟ್ಟಾನ ನೀಲಾ, ಮಲಗಿಸಿ ಬಂದಿದ್ವಲ್ಲ, ಎದ್ದು ನಿಂತಾನ. ಕಾಲು ಮುಟ್ಟಬೇಕಂತ ಕೈ ಮ್ಯಾಲ ಮಾಡಿದೆ. ಎಟುಕಲಿಲ್ಲ."

ಇಬ್ಬರೂ ಅತ್ತೆವು. ಆಮೇಲೆ ಅವಳ ದನಿ ಒಣಗಿತು.

"ಇನ್ನ ನೀ ಈ ಊರಿಗೆ ಬರಬ್ಯಾಡ. ನನ್ನ ಅವರು ಏನೂ ಮಾಡೂದಿಲ್ಲ, ಮುದುಕೀನ ಕಡದ್ರ ಅವರಿಗೆ ಹೆಸರಿಲ್ಲ. ನೀ ಬಂದ್ರ ಬಿಡೂದಿಲ್ಲ. ನಾ ಸತ್ತರೂ ಬರಬ್ಯಾಡ. ಕೇಳಿದೇನು? ನಾ ಸತ್ತ ಸುದ್ದಿ ಬಂದ್ರೂ ಬರಬ್ಯಾಡ."

ನಾನು ಹೂಂ ಎಂದೆ. ಈ ಸಲ ನನ್ನನ್ನು ಕೇಳಿ, ನನ್ನ ಬಾಯಿಂದಲೇ ಹೂಂ ಎನಿಸಿಕೊಂಡಳು.

ಜೆನಿಗೆ ಅದನ್ನು ಹೇಳಿದಾಗ ಅವಳು ಹೆಗಲ ಮೇಲೆ ಕೈ ಹಾಕಲಿಲ್ಲ. "ಅಮ್ಮಾ ಫೋಟೊ ಇರುಕ್ಕಾ?" ಎಂದು ಕೇಳಿದಳು. ಅಮ್ಮನ ಫೋಟೊ ಇದೆಯಾ ಎಂದು. "ಆಧಾರ್ ಕಾರ್ಡಿನದ್ದು ಬೇಡ. ದೊಡ್ಡದು ಮಾಡಿದರೆ ಒಡೆಯುತ್ತೆ. ಇರುವಾಗಲೇ ಒಳ್ಳೆಯದೊಂದು ತರಿಸಿಟ್ಟುಕೋ. ಆ ದಿನ ಬಂದಾಗ ನಾವೇ ಮಾಡಿ ಇಲ್ಲಿಯ ಗೋಡೆಗೆಲ್ಲ ಅಂಟಿಸೋಣ."

"ಇಲ್ಲಿ ನಮ್ಮವ್ವನ್ನ ಯಾರು ಗುರುತು ಹಿಡೀತಾರ?"

"ಗೋಡೆ ಮೇಲಿರೋರನ್ನ ಈ ಊರಲ್ಲಿ ಯಾರು ಗುರುತು ಹಿಡೀತಾರೆ? ಸಾಲಿನಲ್ಲಿ ನಾನು ನಿಲ್ತೀನಿ. ಆ ನಿನ್ನ ತಮ್ಮ ವಿನಯನನ್ನೂ ನಿಲ್ಲಿಸು."

ಅವಳು ಕ್ರೂರಿಯೋ ಕರುಣಾಳುವೋ ನನಗೆ ಈಗಲೂ ಗೊತ್ತಿಲ್ಲ. ಅವ್ವನಿಗೆ ಕಾರಣ ಹೇಳದೆ ಒಂದು ಒಳ್ಳೆಯ ಫೋಟೊ ಕಳಿಸು ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಅರ್ಥವಾಗಿರಬೇಕು. ಹರಿಯುವ ಮೊದಲು ಹೂವಿನ ಶಾಂತವ್ವ ಸರ್ಕಲ್ಲಿನಲ್ಲಿ ತೆಗೆದಿದ್ದ ಫೋಟೊವನ್ನೇ ಕಳಿಸಿದಳು.

ಅದರಲ್ಲಿ ಅವ್ವ ಬಿಸಿಲಿಗೆ ಕಣ್ಣು ಕಿರಿದು ಮಾಡಿ ನಿಂತಿದ್ದಾಳೆ, ಅಡುಗೆಮನೆಯ ಸೀರೆಯಲ್ಲಿ, ಬರಿಗಾಲಲ್ಲಿ. ಅವಳ ತಲೆಯ ಮೇಲೆ ಈರಣ್ಣನ ಎರಡು ಕಾಲು, ಜೆನಿ ಹಾಕಿದ ನೆರಳಿನ ಸಮೇತ ಕಾಣುತ್ತವೆ. ಮೇಲಿನದು ಫೋಟೊದೊಳಗೆ ಹಿಡಿದಿಲ್ಲ. ಪೋಸ್ಟರಿಗೆ ಕೆಲಸ ಮಾಡುವಾಗ ಆ ಕಾಲುಗಳನ್ನು ಕತ್ತರಿಸಬೇಕಾಗುತ್ತದೆ ಎಂದು ಜೆನಿ ಹೇಳಿದಳು. ಕತ್ತರಿಸುವುದಿಲ್ಲ ಎಂದೆ.

ಈಗ ಯಾರಾದರೂ ನನ್ನ ಊರು ಯಾವುದೆಂದು ಕೇಳಿದರೆ ಹುಬ್ಬಳ್ಳಿ ಎನ್ನುತ್ತೇನೆ, ತಮಿಳಿನಲ್ಲಿ. ಅವ್ವ ಬದುಕಿದ್ದಾಳೆ, ದಿನಾ ಮಾತಾಡುತ್ತೇವೆ. ಅವಳ ಫೋಟೊ ಅಂಗಡಿಯ ಗಣಕದಲ್ಲಿ ಸಿದ್ಧವಾಗಿದೆ. ಬಣ್ಣ ಇನ್ನೂ ತೆಗೆದಿಲ್ಲ.